ಚಾರ್ಜಿಗೆ ಹಚ್ಚುವ ಮುನ್ನ: ವಿದ್ಯುತ್ ಕಾರಿನ ವೇಗ, ಮಿತಿ ಮತ್ತು ನಿಜವಾದ ಓಟದ ಲೆಕ್ಕ

"ಕಂಪನಿಯವರು 330 ಕಿಲೋಮೀಟರ್ ಅಂದಿದ್ರರೀ, ನಂದು 230ಕ್ಕ ಖಾಲಿ ಆಗತದ. ಗಾಡಿ ಕೆಟ್ಟೈತೇನು?"

"ಫಾಸ್ಟ್ ಚಾರ್ಜರಿಗೆ ಹಚ್ಚಿದ್ರೂ ಒಂದೂವರೆ ತಾಸು ಹಿಡೀತು, ಯಾಕ?"

"ಮನ್ಯಾಗ 15 ಆಂಪಿಯರ್ ಪ್ಲಗ್ ಸಾಕೋ, ದೊಡ್ಡ ಚಾರ್ಜರ್ ಕೂಡಿಸಬೇಕೋ?"

ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆಯ ಓದುಗರು ತಿರುತಿರುಗಿ ಕೇಳುವುದು ಈ ಮೂರೇ ಪ್ರಶ್ನೆ. ಗಾಡಿ ಕೆಟ್ಟಿರುವುದಿಲ್ಲ. ಷೋರೂಮಿನಲ್ಲಿ ಹೇಳಿದ ಅಂಕಿಯನ್ನೇ ನಂಬಿ ಊರೂರು ಸುತ್ತುತ್ತಿದ್ದೇವೆ, ನಮ್ಮ ಗಾಡಿಯ ಅಂಕಿ ನಮಗೇ ಗೊತ್ತಿಲ್ಲ. ಅದನ್ನು ಕಂಡುಕೊಳ್ಳುವ ದಾರಿಯನ್ನು ಹಂತ ಹಂತವಾಗಿ ಬರೆದಿದ್ದೇನೆ. ಬೇಕಾಗುವ ಸಾಮಾನು ಹೆಚ್ಚಿಲ್ಲ: ಕಾರಿನ ಜೊತೆ ಕೊಟ್ಟ ಕೈಪಿಡಿ, ಕಳೆದ ತಿಂಗಳ ಹೆಸ್ಕಾಂ ಬಿಲ್ಲು, ಒಂದು ಸಣ್ಣ ನೋಟ್‌ಬುಕ್, ಹತ್ತು ದಿನದ ತಾಳ್ಮೆ.

1. ಮೊದಲು ಎರಡು ಪದ ಬಿಡಿಸಿಕೊಳ್ಳಿ: ಕಿಲೋವ್ಯಾಟ್ ಮತ್ತು ಯುನಿಟ್

ಹೊಲದಲ್ಲಿ ಪಂಪ್‌ಸೆಟ್ ಇದ್ದವರಿಗೆ ಇದು ಬೇಗ ತಲೆಗೆ ಹತ್ತುತ್ತದೆ. 5 ಎಚ್‌ಪಿ ಮೋಟಾರು ಎಂದರೆ ಸುಮಾರು 3.7 ಕಿಲೋವ್ಯಾಟ್. ಅದನ್ನು ಒಂದು ತಾಸು ಓಡಿಸಿದರೆ ನಾಲ್ಕು ಯುನಿಟ್ ಹತ್ತಿರ ಕರೆಂಟು ಉಣ್ಣುತ್ತದೆ. ಕಿಲೋವ್ಯಾಟ್ ಎಂದರೆ ಕರೆಂಟು ಹರಿಯುವ ರಭಸ, ಯುನಿಟ್ ಎಂದರೆ ಹರಿದು ಬಂದ ಮೊತ್ತ. ಕಾರಿನವರು 'ಕಿಲೋವ್ಯಾಟ್ ಅವರ್' ಎಂದು ಬರೆಯುವುದೂ ಹೆಸ್ಕಾಂ ಬಿಲ್ಲಿನಲ್ಲಿರುವ ಯುನಿಟ್ಟೂ ಒಂದೇ. ಈ ಲೇಖನದ ಉದ್ದಕ್ಕೂ ನಾನು ಯುನಿಟ್ ಎಂದೇ ಬರೆಯುತ್ತೇನೆ.

ಇದೇ ಅಳತೆಯಲ್ಲಿ ನೋಡಿದರೆ, ಮನೆಗೆ ಕೂಡಿಸುವ 7.4 ಕಿಲೋವ್ಯಾಟ್ ಚಾರ್ಜರ್ ಎಂದರೆ 10 ಎಚ್‌ಪಿ ಮೋಟಾರಿನಷ್ಟು ಹೊರೆ. ಅಷ್ಟು ದೊಡ್ಡ ಮೋಟಾರನ್ನು ಯಾರೂ ಅಡುಗೆಮನೆಯ ಪ್ಲಗ್ಗಿಗೆ ಹಚ್ಚುವುದಿಲ್ಲ. ಮುಂದೆ ವಯರಿಂಗಿನ ಮಾತು ಬಂದಾಗ ಇದನ್ನು ನೆನಪಿಡಿ.

ಇನ್ನೆರಡು ಪದ: ಎಸಿ, ಡಿಸಿ. ಮನೆಗೆ ಬರುವುದು ಎಸಿ ಕರೆಂಟು. ಬ್ಯಾಟರಿ ಒಪ್ಪುವುದು ಡಿಸಿ ಕರೆಂಟನ್ನು ಮಾತ್ರ. ಮನೆಯಲ್ಲಿ ಹಚ್ಚಿದಾಗ ಎಸಿಯನ್ನು ಡಿಸಿ ಮಾಡುವ ಕೆಲಸ ಕಾರಿನೊಳಗೇ ಇರುವ ಒಂದು ಪೆಟ್ಟಿಗೆಯದು. ಅದಕ್ಕೆ ಆನ್‌ಬೋರ್ಡ್ ಚಾರ್ಜರ್ ಎಂದು ಹೆಸರು. ಹೆದ್ದಾರಿಯ ಫಾಸ್ಟ್ ಚಾರ್ಜರಿನಲ್ಲಿ ಆ ಪೆಟ್ಟಿಗೆ ಹೊರಗೆ, ಆ ದೊಡ್ಡ ಕಂಬದೊಳಗೆ ಇರುತ್ತದೆ. ಹಾಗಾಗಿ ಡಿಸಿ ಕರೆಂಟು ನೇರವಾಗಿ ಬ್ಯಾಟರಿಗೆ ಇಳಿಯುತ್ತದೆ. (ಗೊಂದಲ ಬೇಡವೆಂದು, ಕಾರನ್ನು ತಂಪು ಮಾಡುವ ಎಸಿಗೆ ನಾನು ಏರ್‌ಕಂಡೀಷನರ್ ಎಂದೇ ಬರೆಯುತ್ತೇನೆ.)

2. ಕೈಪಿಡಿ ತೆರೆದು ಮೂರು ಅಂಕಿ ಬರೆದುಕೊಳ್ಳಿ

ಒಂದು, ಬ್ಯಾಟರಿಯಲ್ಲಿ ಎಷ್ಟು ಯುನಿಟ್ ಹಿಡಿಯುತ್ತದೆ. ಎರಡು, ಆನ್‌ಬೋರ್ಡ್ ಚಾರ್ಜರ್ ಎಷ್ಟು ಕಿಲೋವ್ಯಾಟಿನದು. ನಮ್ಮಲ್ಲಿ ಸಾಮಾನ್ಯವಾಗಿ 3.3 ಇಲ್ಲವೇ 7.2 ಇರುತ್ತದೆ, ಕೆಲವು ದೊಡ್ಡ ಗಾಡಿಗಳಲ್ಲಿ 11. ಮೂರು, ಡಿಸಿಯಲ್ಲಿ ಹೆಚ್ಚೆಂದರೆ ಎಷ್ಟು ಕಿಲೋವ್ಯಾಟ್ ಎಳೆದುಕೊಳ್ಳುತ್ತದೆ.

ಈ ಮೂರನ್ನು ಡ್ಯಾಷ್‌ಬೋರ್ಡಿನ ಗೂಡಿನಲ್ಲಿ ಒಂದು ಚೀಟಿ ಮೇಲೆ ಬರೆದಿಡಿ. ಯಾಕೆಂದರೆ ಚಾರ್ಜಿಂಗ್ ವೇಗದ ಇಡೀ ನಿಯಮ ಇಷ್ಟೇ: ಚಾರ್ಜರ್ ಕೊಡಬಲ್ಲದ್ದು, ಕೇಬಲ್ ಹೊರಬಲ್ಲದ್ದು, ಕಾರು ತಗೊಳ್ಳಬಲ್ಲದ್ದು. ಮೂರರಲ್ಲಿ ಯಾವುದು ಸಣ್ಣದೋ ಅದೇ ನಿಮಗೆ ಸಿಗುವ ವೇಗ. ಹೋಟೆಲಿನಲ್ಲಿ 22 ಕಿಲೋವ್ಯಾಟ್ ಎಸಿ ಚಾರ್ಜರ್ ಇದೆಯೆಂದು ಖುಷಿಯಿಂದ ಹಚ್ಚುತ್ತೀರಿ. ನಿಮ್ಮ ಆನ್‌ಬೋರ್ಡ್ ಪೆಟ್ಟಿಗೆ 3.3ರದ್ದಾದರೆ ಸಿಗುವುದು 3.3 ಮಾತ್ರ. ಅದೇ ರೀತಿ ಡಿಸಿಯಲ್ಲಿ 50 ಎಳೆಯುವ ಗಾಡಿಯನ್ನು 120ರ ಚಾರ್ಜರಿಗೆ ಹಚ್ಚಿದರೂ 50ಕ್ಕಿಂತ ಮೇಲೆ ಏರುವುದಿಲ್ಲ. ಹಾನಿಯೂ ಇಲ್ಲ, ಲಾಭವೂ ಇಲ್ಲ.

ಇನ್ನೂ ಕಾರು ಕೊಂಡಿಲ್ಲದವರಿಗೆ ಒಂದು ಮಾತು. ಒಂದೇ ಮಾದರಿಯಲ್ಲಿ 3.3 ಮತ್ತು 7.2, ಎರಡು ಆಯ್ಕೆ ಇದ್ದರೆ, ಬೆಲೆಯ ವ್ಯತ್ಯಾಸ ನೋಡುವ ಮೊದಲು ನಿಮ್ಮ ದಿನದ ಓಟ ನೋಡಿ. ಅದು ಮುಂದಿನ ಹಂತದಲ್ಲಿದೆ.

3. ಮನೆಯ ಪ್ಲಗ್ಗು: ಇಲ್ಲಿ ಅವಸರ ಬೇಡ

ಹೆಚ್ಚು ತಪ್ಪುಗಳು ಆಗುವುದು ಇಲ್ಲೇ, ಅದಕ್ಕೇ ಇದನ್ನು ವಿಸ್ತಾರವಾಗಿ ಬರೆಯುತ್ತೇನೆ.

*ಯಾವುದು ಸಾಕು?* ಧಾರವಾಡದಲ್ಲಿ ಮನೆ, ಹುಬ್ಬಳ್ಳಿಯಲ್ಲಿ ಕೆಲಸ ಎಂದುಕೊಳ್ಳಿ. ಹೋಗಿ ಬಂದರೆ ಸುಮಾರು 40 ಕಿಲೋಮೀಟರ್, ಅಂದರೆ ಆರು ಯುನಿಟ್ ಆಸುಪಾಸು. 15 ಆಂಪಿಯರ್ ಪ್ಲಗ್ಗಿನಲ್ಲಿ ಅಷ್ಟನ್ನು ತುಂಬಿಸಲು ಎರಡು ತಾಸು ಸಾಕು. ರಾತ್ರಿ ಹತ್ತಕ್ಕೆ ಹಚ್ಚಿದರೆ ಹನ್ನೆರಡರೊಳಗೆ ಮುಗಿಯುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಅವಳಿ ನಗರದೊಳಗೆ ಓಡಾಡುವ ಬಹುಪಾಲು ಜನಕ್ಕೆ ಗಟ್ಟಿಯಾಗಿ ಹಾಕಿಸಿದ 15 ಆಂಪಿಯರ್ ಪ್ಲಗ್ಗೇ ಧಾರಾಳ. ಖಾಲಿಯಿಂದ ಪೂರ್ತಿ ತುಂಬಬೇಕಾದರೆ ಮಾತ್ರ 40 ಯುನಿಟ್ ಬ್ಯಾಟರಿಗೆ ಅದು 14 ತಾಸು ಹಿಡಿಯುತ್ತದೆ. 7.4ರ ಚಾರ್ಜರಾದರೆ ಆರು ತಾಸು. ವಾರಕ್ಕೆ ಎರಡು ಮೂರು ಸಲ ಬೆಳಗಾವಿ, ಗದಗ, ರಾಣೆಬೆನ್ನೂರು ಎಂದು ಓಡುವವರು ದೊಡ್ಡದನ್ನು ಕೂಡಿಸಿ.

*ಮಂಜೂರಾದ ಲೋಡ್ ನೋಡಿ.* ಹೆಸ್ಕಾಂ ಬಿಲ್ಲಿನಲ್ಲಿ ನಿಮ್ಮ ಮನೆಗೆ ಎಷ್ಟು ಕಿಲೋವ್ಯಾಟ್ ಮಂಜೂರಾಗಿದೆ ಎಂದು ಇರುತ್ತದೆ. ಹಳೆಯ ಮನೆಗಳಲ್ಲಿ ಅದು ಎರಡೋ ಮೂರೋ ಇರುವುದುಂಟು. ಗೀಸರ್ ಒಂದೇ ಎರಡು ಕಿಲೋವ್ಯಾಟ್ ತಗೊಳ್ಳುತ್ತದೆ. ಅದರ ಮೇಲೆ 7.4 ಹೇರಿದರೆ ಮೀಟರ್ ಪಕ್ಕದ ಕಟೌಟಿನಿಂದ ಹಿಡಿದು ಕಂಬದಿಂದ ಬರುವ ಸರ್ವಿಸ್ ವಯರಿನವರೆಗೆ ಎಲ್ಲವೂ ಬಿಸಿಯಾಗುತ್ತವೆ. ಮೊದಲು ನಿಮ್ಮ ಭಾಗದ ಹೆಸ್ಕಾಂ ಕಚೇರಿಗೆ ಹೋಗಿ ಲೋಡ್ ಹೆಚ್ಚಿಸಲು ಅರ್ಜಿ ಕೊಡಿ, ಆಮೇಲೆ ಚಾರ್ಜರ್ ಕೂಡಿಸಿ. ವಿದ್ಯುತ್ ವಾಹನಕ್ಕೆಂದೇ ಬೇರೆ ಮೀಟರ್, ಬೇರೆ ದರದ ವರ್ಗವೂ ಇದೆ. ಅದೇ ಭೇಟಿಯಲ್ಲಿ ಇವತ್ತಿನ ದರ ಕೇಳಿಕೊಂಡು ಬನ್ನಿ.

*ಗೃಹಜ್ಯೋತಿಯ ಲೆಕ್ಕ.* ಇದನ್ನು ಯಾರೂ ಮೊದಲೇ ಹೇಳುವುದಿಲ್ಲ, ಬಿಲ್ಲು ಬಂದ ಮೇಲೆ ಗಾಬರಿಯಾಗುತ್ತಾರೆ. ತಿಂಗಳ ಬಳಕೆ 200 ಯುನಿಟ್ ದಾಟಿದರೆ ಆ ತಿಂಗಳ ಬಿಲ್ಲನ್ನು ಪೂರ್ತಿ ಕಟ್ಟಬೇಕು. ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿಸಿದರೆ ಕಾರಿಗೇ ಮೀಟರಿನಲ್ಲಿ 160 ಯುನಿಟ್ ಹತ್ತಿರ ತಿರುಗುತ್ತದೆ. ಮನೆಯದು 90 ಇದ್ದರೆ ಒಟ್ಟು 250. ಉಚಿತ ಹೋಯಿತು. ಆಗಲೂ ಪೆಟ್ರೋಲಿಗಿಂತ ಎಷ್ಟೋ ಅಗ್ಗವೇ, ಆದರೆ ಉಳಿತಾಯದ ಲೆಕ್ಕ ಹಾಕುವಾಗ ಮನೆಯ ಆ 90 ಯುನಿಟ್ಟಿನ ದುಡ್ಡನ್ನೂ ಸೇರಿಸಿ. ಬೇರೆ ಮೀಟರ್ ತಗೊಳ್ಳುವುದು ಲಾಭವೋ ಅಲ್ಲವೋ ಎನ್ನುವುದು ಇದರ ಮೇಲೇ ನಿಂತಿದೆ.

*ವಯರು ಮತ್ತು ಸ್ವಿಚ್ಚು.* 15 ಆಂಪಿಯರ್ ಪ್ಲಗ್ಗಿಗೆ ಮೇನ್ ಬೋರ್ಡಿನಿಂದ ನೇರವಾಗಿ, ನಡುವೆ ಬೇರೆ ಯಾವ ಪಾಯಿಂಟೂ ಇಲ್ಲದಂತೆ, 4 ಸ್ಕ್ವೇರ್ ಎಂಎಂ ತಾಮ್ರದ ವಯರು ಎಳೆಸಿ. 7.4ರ ಚಾರ್ಜರಿಗೆ ಕಡಿಮೆಯೆಂದರೂ 6 ಸ್ಕ್ವೇರ್ ಬೇಕು, ಗಾಡಿ ನಿಲ್ಲುವ ಜಾಗ ಮೇನ್ ಬೋರ್ಡಿಗೆ ದೂರವಿದ್ದರೆ 10. ಅದಕ್ಕೆ ಸ್ವಂತ ಎಂಸಿಬಿ ಇರಲಿ, ಜೊತೆಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರಲಿ. ಎಂಸಿಬಿ ವಯರನ್ನು ಕಾಯುತ್ತದೆ, ಆರ್‌ಸಿಸಿಬಿ ಮನುಷ್ಯರನ್ನು ಕಾಯುತ್ತದೆ. ಕರೆಂಟು ಎಲ್ಲಾದರೂ ಸೋರಿದರೆ ಕಣ್ಣು ಮಿಟುಕಿಸುವುದರೊಳಗೆ ಲೈನು ಕಡಿಯುವುದು ಅದರ ಕೆಲಸ. ಇವೆರಡರಲ್ಲಿ ದುಡ್ಡು ಉಳಿಸಲು ಹೋಗಬೇಡಿ.

ಎಕ್ಸ್‌ಟೆನ್ಷನ್ ಬೋರ್ಡ್ ಹಾಕಿ, ಕಿಟಕಿಯಿಂದ ವಯರು ತೂರಿಸಿ ಚಾರ್ಜ್ ಮಾಡುವುದನ್ನು ಇಂದೇ ನಿಲ್ಲಿಸಿ. ಫ್ರಿಜ್ಜು, ಇಸ್ತ್ರಿಪೆಟ್ಟಿಗೆ ಆಗಾಗ ನಿಂತು ಓಡುತ್ತವೆ. ಕಾರು ಹಾಗಲ್ಲ, 14 ಆಂಪಿಯರನ್ನು ಏಳೆಂಟು ತಾಸು ಬಿಡದೆ ಎಳೆಯುತ್ತದೆ. ಮೊದಲ ಸಲ ಹಚ್ಚಿದಾಗ ಅರ್ಧ ತಾಸು ಬಿಟ್ಟು, ಸ್ವಿಚ್ಚು ಆರಿಸಿ, ಪ್ಲಗ್ ಕಿತ್ತು ಅದರ ಪಿನ್ನುಗಳ ಬುಡ ನೋಡಿ. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಬಿಸಿಯಾಗಿದ್ದರೆ, ಇಲ್ಲವೇ ಸಾಕೆಟ್ಟಿನ ತೂತಿನ ಸುತ್ತ ಬಿಳಿ ಪ್ಲಾಸ್ಟಿಕ್ಕು ಚಹಾದ ಕಲೆಯಂತೆ ಕಂದಿದ್ದರೆ, ಒಳಗಿನ ಹಿಡಿತ ಸಡಿಲಾಗಿದೆ ಎಂದೇ ಅರ್ಥ. ಆ ಸಾಕೆಟ್ಟನ್ನು ಅವತ್ತೇ ಬದಲಿಸಿ.

*ಅರ್ಥಿಂಗ್.* ನಮ್ಮ ಎರೆಭೂಮಿಯವರು ಇದನ್ನು ಗಮನವಿಟ್ಟು ಓದಿ. ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಕೂಡುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಬಿರಿದಾಗ ಅರ್ಥಿಂಗ್ ರಾಡಿನ ಮೈ ಬಿಟ್ಟು ಮಣ್ಣು ದೂರ ಸರಿಯುತ್ತದೆ. ಜುಲೈಯಲ್ಲಿ ಚಂದ ಚಾರ್ಜ್ ಆಗುತ್ತಿದ್ದ ಗಾಡಿ ಏಪ್ರಿಲ್‌ನಲ್ಲಿ ಕೆಂಪು ದೀಪ ತೋರಿಸಿ ಒಲ್ಲೆ ಅನ್ನುತ್ತದೆ. ನಮ್ಮ ಮನೆಯಲ್ಲೇ ಹೀಗಾಗಿ ನಾನು ಎರಡು ದಿನ ಚಾರ್ಜರಿನಲ್ಲಿ ದೋಷ ಹುಡುಕಿದ್ದೆ. ಕೊನೆಗೆ ಎಲೆಕ್ಟ್ರಿಷಿಯನ್ ಬಂದು ಮಲ್ಟಿಮೀಟರಿನಿಂದ ನ್ಯೂಟ್ರಲ್ಲಿಗೂ ಅರ್ಥಿಗೂ ನಡುವಿನ ವೋಲ್ಟೇಜ್ ನೋಡಿದಾಗ ಕಾರಣ ತಿಳಿಯಿತು. ಅದು ಎರಡು ಮೂರು ವೋಲ್ಟಿನೊಳಗೆ ಇದ್ದರೆ ಚಿಂತೆಯಿಲ್ಲ, ತೀರಾ ಏರಿದರೆ ಕಾರು ತನ್ನ ಸುರಕ್ಷತೆಗಾಗಿ ನಿರಾಕರಿಸುತ್ತದೆ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಗೆ ವಾರಕ್ಕೊಮ್ಮೆ ಎರಡು ಕೊಡ ನೀರು ಹಾಕುತ್ತಿರಿ. ಚಾರ್ಜರಿಗೆಂದೇ ಹೊಸ ಅರ್ಥಿಂಗ್ ಮಾಡಿಸುವುದಾದರೆ ಇನ್ನೂ ಒಳ್ಳೆಯದು. ಯಾರಾದರೂ "ಅರ್ಥ್ ಪಿನ್ನಿಗೆ ನ್ಯೂಟ್ರಲ್ ಜೋಡಿಸಿ ಕೊಡ್ತೀನ್ರೀ, ಚಾರ್ಜ್ ಆಗತದ" ಎಂದರೆ ಖಂಡಿತ ಒಪ್ಪಬೇಡಿ. ಚಾರ್ಜ್ ಆಗುವುದು ನಿಜ. ಆದರೆ ಎಂದಾದರೂ ನ್ಯೂಟ್ರಲ್ ಕಡಿದರೆ ಕಾರಿನ ಇಡೀ ಮೈಗೆ ಕರೆಂಟು ಬರುತ್ತದೆ.

ನಡುರಾತ್ರಿ ಕರೆಂಟು ಹೋದರೆ? ಏನೂ ಆಗುವುದಿಲ್ಲ, ಬಂದಾಗ ಹೆಚ್ಚಿನ ಗಾಡಿಗಳು ತಾವೇ ಮುಂದುವರಿಸುತ್ತವೆ. ನಿಮ್ಮದು ಹಾಗಿದೆಯೇ ಎಂದು ಒಮ್ಮೆ ಮೇನ್ ಆರಿಸಿ ಹಾಕಿ ಪರೀಕ್ಷಿಸಿ. ಇನ್ವರ್ಟರಿನ ಲೈನಿಗೆ ಮಾತ್ರ ಕಾರನ್ನು ಹಚ್ಚಬೇಡಿ.

4. ಫಾಸ್ಟ್ ಚಾರ್ಜರ್: ಮೊದಲ ಅರ್ಧ ತಾಸು ನಿಮ್ಮದು

ಈಗ ಬರುವ ಕಾರುಗಳ ಡಿಸಿ ಗನ್ನಿಗೆ (ಕೇಬಲ್ಲಿನ ತುದಿಯಲ್ಲಿರುವ, ಕಾರಿಗೆ ಸಿಕ್ಕಿಸುವ ಹಿಡಿಗೆ) ಸಿಸಿಎಸ್-2 ಎಂದು ಹೆಸರು. ಮೇಲೆ ದುಂಡನೆಯ ಏಳು ತೂತಿನ ಭಾಗ, ಕೆಳಗೆ ಎರಡು ದಪ್ಪ ತೂತು. ಮೇಲಿನದಷ್ಟೇ ಇದ್ದರೆ ಅದು ಟೈಪ್-2, ಎಸಿ ಚಾರ್ಜಿಂಗಿನದು. ಆ್ಯಪ್‌ನಲ್ಲಿ ಹುಡುಕುವಾಗ ಇದನ್ನು ನೋಡದೆ ಹೋದವರು 'ಚಾರ್ಜರ್' ಎಂದಿರುವ ಜಾಗದಲ್ಲಿ 3.3ರ ಪ್ಲಗ್ ಕಂಡು ಮರಳಿ ಬಂದಿದ್ದಾರೆ.

ಬ್ಯಾಟರಿ ತುಂಬುವ ರೀತಿ ಒಂದೇ ಸಮನಿರುವುದಿಲ್ಲ. ಜೋಳದ ಚೀಲ ತುಂಬುವುದನ್ನು ನೆನಪಿಸಿಕೊಳ್ಳಿ. ಮೊದಲು ಬುಟ್ಟಿಗಟ್ಟಲೆ ಸುರಿಯಬಹುದು, ಬಾಯಿ ಹತ್ತಿರ ಬಂದಾಗ ಕುಲುಕಿ, ಒತ್ತಿ, ಬೊಗಸೆ ಬೊಗಸೆ ಹಾಕಬೇಕು. ಬ್ಯಾಟರಿಯೂ ಹಾಗೇ. ಶೇಕಡಾ 10ರಿಂದ 80ರವರೆಗೆ ವೇಗವಾಗಿ ತಗೊಳ್ಳುತ್ತದೆ. ಅಲ್ಲಿಂದ ಮುಂದೆ ಒಳಗಿನ ಸೆಲ್‌ಗಳ ವೋಲ್ಟೇಜ್ ತನ್ನ ಮಿತಿಗೆ ಮುಟ್ಟುವುದರಿಂದ ಬ್ಯಾಟರಿಯ ನಿಯಂತ್ರಕ ತಾನೇ ಕರೆಂಟು ಇಳಿಸುತ್ತದೆ. ಮುಂದಿನ ಸಲ ಚಾರ್ಜರಿನ ಪರದೆಯನ್ನೇ ನೋಡುತ್ತ ನಿಂತುಕೊಳ್ಳಿ. 45 ಕಿಲೋವ್ಯಾಟ್ ಎಂದು ಇದ್ದದ್ದು 80 ದಾಟಿದ ಕೂಡಲೇ 30, 22, 15 ಎಂದು ಇಳಿಯುತ್ತದೆ. 90 ಆದ ಮೇಲೆ ಎಷ್ಟೋ ಗಾಡಿಗಳು ಮನೆಯ ಚಾರ್ಜರಿನ ವೇಗಕ್ಕೇ ಬಂದಿರುತ್ತವೆ. ಒಂದೂವರೆ ತಾಸು ಹಿಡಿದದ್ದು ಯಾಕೆಂದು ಕೇಳಿದವರಿಗೆ ಉತ್ತರ ಇದೇ: ಅದರಲ್ಲಿ ಮುಕ್ಕಾಲು ತಾಸು ಕೊನೆಯ 20ಕ್ಕೆ ಹೋಗಿದೆ.

ಆದ್ದರಿಂದ ಹೆದ್ದಾರಿಯಲ್ಲಿ 80ಕ್ಕೆ ಗನ್ ತೆಗೆಯಿರಿ. ನಿಮಗೂ ಹೊತ್ತು ಉಳಿಯುತ್ತದೆ, ಹಿಂದೆ ಕಾಯುತ್ತ ನಿಂತ ಕುಟುಂಬಕ್ಕೂ ಉಪಕಾರ. 80ರಿಂದ 100ಕ್ಕೆ ಕಾಯುವುದು ಒಂದೇ ಸಂದರ್ಭದಲ್ಲಿ ಸರಿ, ಅಲ್ಲಿಂದ ಮುಂದೆ ನಂಬುವಂಥ ಚಾರ್ಜರ್ ಇಲ್ಲದಿದ್ದಾಗ.

80ರೊಳಗೆ ಇದ್ದರೂ ವೇಗ ಬರುತ್ತಿಲ್ಲವೇ? ಈ ಕಾರಣಗಳನ್ನು ಒಂದೊಂದಾಗಿ ನೋಡಿ. ಒಂದೇ ಯಂತ್ರಕ್ಕೆ ಎರಡು ಗನ್ ಇದ್ದು, ಪಕ್ಕದಲ್ಲಿ ಇನ್ನೊಂದು ಗಾಡಿ ಬಂದು ಹಚ್ಚಿಕೊಂಡರೆ ಎಷ್ಟೋ ಯಂತ್ರಗಳಲ್ಲಿ 60 ಇದ್ದದ್ದು 30, 30 ಎಂದು ಪಾಲಾಗುತ್ತದೆ. ಜನ ಗಮನಿಸದ ಇನ್ನೊಂದು ಕಾರಣ ಆಂಪಿಯರ್ ಮಿತಿ. ಯಂತ್ರದ ಮೇಲೆ 60 ಎಂದು ಬರೆದಿದ್ದರೂ ಅದು ಹೆಚ್ಚು ವೋಲ್ಟಿನ ಬ್ಯಾಟರಿಗೆ ಹಾಕಿದ ಲೆಕ್ಕವಾಗಿರಬಹುದು. ನಿಮ್ಮ ಬ್ಯಾಟರಿ 320 ವೋಲ್ಟಿನದು, ಗನ್ನಿನ ಮಿತಿ 125 ಆಂಪಿಯರ್ ಎಂದಾದರೆ ಗುಣಿಸಿ ನೋಡಿ: 40 ಕಿಲೋವ್ಯಾಟ್. ಅಷ್ಟೇ ಬರುತ್ತದೆ. ಆಮೇಲೆ ಬಿಸಿ. ಮೇ ತಿಂಗಳಲ್ಲಿ ನೆತ್ತಿಯ ಮೇಲೆ ಸೂರ್ಯ ಇರುವಾಗ 110ರಲ್ಲಿ ಓಡಿಸಿ ನೇರ ಬಂದು ಹಚ್ಚಿದರೆ ಬ್ಯಾಟರಿ ಆಗಲೇ ಕಾದಿರುತ್ತದೆ. ನಿಯಂತ್ರಕ ಮೊದಲು ಅದನ್ನು ತಂಪು ಮಾಡಿ, ಆಮೇಲೆ ವೇಗ ಕೊಡುತ್ತದೆ. ಚಾರ್ಜರ್ ಬರುವ ಹತ್ತು ಕಿಲೋಮೀಟರ್ ಮೊದಲೇ ವೇಗ ಇಳಿಸಿ, ನೆರಳಿದ್ದ ಕಡೆ ನಿಲ್ಲಿಸಿ, ಹಚ್ಚಿದ ಮೇಲೆ ಒಳಗೆ ಕೂತು ಏರ್‌ಕಂಡೀಷನರನ್ನು ಜೋರಾಗಿ ಓಡಿಸಬೇಡಿ.

ಸಾರ್ವಜನಿಕ ಚಾರ್ಜರಿನ ದರ ಯುನಿಟ್ಟಿಗೆ ಸುಮಾರು 18ರಿಂದ 25 ರೂಪಾಯಿ, ಮೇಲೆ ಶೇಕಡಾ 18 ಜಿಎಸ್‌ಟಿ. ಮನೆಯ ದರದ ಮೂರ್ನಾಲ್ಕು ಪಟ್ಟು. ಹಾಗಾಗಿ ಊರಿಂದ ಹೊರಡುವಾಗ ಮನೆಯಲ್ಲೇ 100 ತುಂಬಿಸಿಕೊಳ್ಳಿ.

5. ನಿಮ್ಮ ಗಾಡಿಯ ನಾಲ್ಕನೇ ಅಂಕಿ: ಯುನಿಟ್ಟಿಗೆ ಎಷ್ಟು ಕಿಲೋಮೀಟರ್

ಕಂಪನಿ ಹೇಳುವ ಓಟ ಸುಳ್ಳಲ್ಲ, ಆದರೆ ಅದು ರಸ್ತೆಯದಲ್ಲ. ಪುಣೆಯ ಎಆರ್‌ಎಐಯಂಥ ಸಂಸ್ಥೆಗಳಲ್ಲಿ ಗಾಡಿಯನ್ನು ಉರುಳೆಗಳ ಮೇಲೆ ನಿಲ್ಲಿಸಿ, ಗೊತ್ತುಪಡಿಸಿದ ವೇಗದ ಚಕ್ರದಲ್ಲಿ ಓಡಿಸಿ ಅಳೆಯುತ್ತಾರೆ. ಅದರಲ್ಲಿ ಹೆಚ್ಚಿನ ಹೊತ್ತು ಊರೊಳಗಿನ ನಿಧಾನದ ಓಟ. ಅತಿ ಹೆಚ್ಚು ವೇಗವೆಂದರೆ 90, ಅದೂ ಸ್ವಲ್ಪ ಹೊತ್ತು. ಏರ್‌ಕಂಡೀಷನರ್ ಬಂದ್. ಗಾಳಿ ಇಲ್ಲ, ಏರು ಇಲ್ಲ, ಹಿಂದಿನ ಸೀಟಿನಲ್ಲಿ ಮೂರು ಜನ ಇಲ್ಲ. ಆ ಅಂಕಿಯ ಶೇಕಡಾ 65ರಿಂದ 75ರಷ್ಟು ನಿಮಗೆ ಸಿಕ್ಕರೆ ಗಾಡಿ ಆರೋಗ್ಯವಾಗಿದೆ ಎಂದು ತಿಳಿಯಿರಿ. 330ಕ್ಕೆ 230 ಬಂತು ಎಂದವರ ಗಾಡಿ ಸರಿಯಾಗಿಯೇ ಇದೆ.

ಸ್ವಂತ ಅಂಕಿ ಕಂಡುಕೊಳ್ಳುವುದು ಹೀಗೆ:

- ಬೆಳಿಗ್ಗೆ ಹೊರಡುವಾಗ ಬ್ಯಾಟರಿಯ ಶೇಕಡಾ ಮತ್ತು ಕಿಲೋಮೀಟರ್ ಬರೆದುಕೊಳ್ಳಿ. ಸಂಜೆ ಮತ್ತೆ ಬರೆಯಿರಿ.
- ಇಳಿದ ಶೇಕಡಾವನ್ನು ಬ್ಯಾಟರಿಯ ಯುನಿಟ್ಟಿಗೆ ಗುಣಿಸಿ, ನೂರರಿಂದ ಭಾಗಿಸಿ. 40 ಯುನಿಟ್ ಬ್ಯಾಟರಿಯಲ್ಲಿ 15 ಇಳಿದಿದ್ದರೆ 6 ಯುನಿಟ್ ಖರ್ಚಾಗಿದೆ.
- ಓಡಿದ ಕಿಲೋಮೀಟರನ್ನು ಅದರಿಂದ ಭಾಗಿಸಿ. 43 ಕಿಲೋಮೀಟರ್ ಓಡಿದ್ದರೆ ಯುನಿಟ್ಟಿಗೆ 7ಕ್ಕಿಂತ ತುಸು ಹೆಚ್ಚು.
- ಊರೊಳಗಿನದು ಬೇರೆ, ಹೆದ್ದಾರಿಯದು ಬೇರೆ ಬರೆಯಿರಿ. ಎರಡನ್ನೂ ಕಲೆಸಿದರೆ ಯಾವುದಕ್ಕೂ ಬಾರದ ಅಂಕಿ ಸಿಗುತ್ತದೆ.

ಹತ್ತು ದಿನ ಬರೆದರೆ ಸರಾಸರಿ ಗಟ್ಟಿಯಾಗುತ್ತದೆ. ಒಂದೇ ದಿನದ ಅಂಕಿ ನಂಬಬೇಡಿ. ಪರದೆಯ ಮೇಲೆ 'ಇನ್ನು ಇಷ್ಟು ಕಿಲೋಮೀಟರ್' ಎಂದು ತೋರಿಸುವುದನ್ನೂ ಲೆಕ್ಕಕ್ಕೆ ತಗೊಳ್ಳಬೇಡಿ. ಅದು ನೀವು ಹಿಂದೆ ಓಡಿಸಿದ ರೀತಿಯಿಂದ ಮಾಡಿದ ಊಹೆ. ನಿನ್ನೆ ಕೊಪ್ಪಿಕರ ರಸ್ತೆಯಲ್ಲಿ ತೆವಳಿದ್ದನ್ನು ನೋಡಿ, ಇಂದು ಹಾವೇರಿ ಹೆದ್ದಾರಿಗೆ ಭರವಸೆ ಕೊಡುತ್ತದೆ. ಶೇಕಡಾ ಮಾತ್ರ ನೋಡಿ.

ಮೀಟರಿನ ಲೆಕ್ಕಕ್ಕೂ ಬ್ಯಾಟರಿಯ ಲೆಕ್ಕಕ್ಕೂ ಶೇಕಡಾ 10ರಿಂದ 15 ವ್ಯತ್ಯಾಸ ಬರುತ್ತದೆ. ಅಷ್ಟು ಕರೆಂಟು ಚಾರ್ಜ್ ಆಗುವಾಗ ಬಿಸಿಯಾಗಿ ಹೋಗುತ್ತದೆ. ಯಾರೂ ಕದ್ದಿಲ್ಲ.

6. ಓಟವನ್ನು ತಿನ್ನುವುದು ಯಾವುದು

ಎಲ್ಲಕ್ಕಿಂತ ಮುಂಚೆ ನಿಮ್ಮ ಬಲಗಾಲು. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 80ರ ಬದಲು 100ರಲ್ಲಿ ಹೋದರೆ ಗಾಳಿಯನ್ನು ಸೀಳಲು ಬೇಕಾಗುವ ಬಲ ಒಂದೂವರೆ ಪಟ್ಟಿಗಿಂತ ಹೆಚ್ಚು. ನಮ್ಮ ಗಾಡಿ, ಮಧ್ಯಮ ಗಾತ್ರದ್ದು, 80ರಲ್ಲಿ ಯುನಿಟ್ಟಿಗೆ ಏಳು ಚಿಲ್ಲರೆ ಕೊಟ್ಟರೆ 100ರಲ್ಲಿ ಆರು, 120ರಲ್ಲಿ ಐದೂ ಇಲ್ಲ. ಪೆಟ್ರೋಲ್ ಗಾಡಿಗೆ ರೂಢಿಯಾದವರಿಗೆ ಇದು ವಿಚಿತ್ರವೆನಿಸುತ್ತದೆ. ಅಲ್ಲಿ ಹೆದ್ದಾರಿಯಲ್ಲಿ ಮೈಲೇಜ್ ಹೆಚ್ಚು, ಇಲ್ಲಿ ಊರೊಳಗೆ ಹೆಚ್ಚು.

ಎರಡನೆಯದು ಬೀಸುವ ಗಾಳಿ, ಅದರಲ್ಲೂ ಗದಗಿನವರಿಗೆ. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳು ಸುಮ್ಮನೆ ನಿಂತಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಗಾಳಿ ಜೋರು. ಗದಗಿನಿಂದ ಅಣ್ಣಿಗೇರಿ ದಾಟಿ ಹುಬ್ಬಳ್ಳಿಗೆ ಬರುವಾಗ ಅದು ಎದುರಿಗೇ ಬಡಿಯುತ್ತದೆ. ಗಾಳಿ ತಾಸಿಗೆ 20 ಕಿಲೋಮೀಟರ್ ವೇಗದ್ದಿದ್ದರೆ, ನೀವು 80ರಲ್ಲಿ ಹೋದರೂ ಗಾಡಿಯ ಮೂತಿಗೆ ಅದು 100ರ ಓಟವೇ. ಬಯಲುಸೀಮೆಯ ಆ ರಸ್ತೆಯಲ್ಲಿ ತಡೆಯಲು ಮರವೂ ಇಲ್ಲ, ಗುಡ್ಡವೂ ಇಲ್ಲ. "ಹೋಗುವಾಗ ಒಂದು ಲೆಕ್ಕ, ಬರುವಾಗ ಒಂದು ಲೆಕ್ಕ" ಎನ್ನುವ ಗದಗಿನ ಓದುಗರಿಗೆ ಮಳೆಗಾಲದ ಉತ್ತರ ಇದು. ಹುಬ್ಬಳ್ಳಿ ಕಡೆಗಿನ ಪ್ರಯಾಣಕ್ಕೆ ಶೇಕಡಾ 10 ಹೆಚ್ಚು ಇಟ್ಟುಕೊಳ್ಳಿ.

ಮೂರನೆಯದು ಏರು. 1,700 ಕಿಲೋ ಗಾಡಿಯನ್ನು 100 ಮೀಟರ್ ಮೇಲಕ್ಕೆ ಎತ್ತಲು ಅರ್ಧ ಯುನಿಟ್ ಹತ್ತಿರ ಬೇಕು. ಧಾರವಾಡ ಹುಬ್ಬಳ್ಳಿಗಿಂತ ಎತ್ತರದಲ್ಲಿದೆ. ಹಾಗಾಗಿ ಸಂಜೆ ಉಣಕಲ್ ದಾಟಿ ಧಾರವಾಡಕ್ಕೆ ಏರುವಾಗ ಬೆಳಗಿಗಿಂತ ಹೆಚ್ಚು ಖರ್ಚಾಗುವುದು ಸಹಜ. ದೊಡ್ಡ ಲೆಕ್ಕ ಬರುವುದು ಅಂಕೋಲೆಯ ದಾರಿಯಲ್ಲಿ. ಯಲ್ಲಾಪುರ ಸಮುದ್ರಮಟ್ಟದಿಂದ ಐನೂರು ಮೀಟರಿಗೂ ಮೇಲಿದೆ. ಅರಬೈಲ್ ಘಟ್ಟ ಇಳಿಯುವಾಗ ಮೋಟಾರೇ ಜನರೇಟರಿನಂತೆ ತಿರುಗಿ ಒಂದೂವರೆ ಯುನಿಟ್ಟಿನಷ್ಟು ಬ್ಯಾಟರಿಗೆ ಮರಳಿ ತುಂಬುತ್ತದೆ. ಇದಕ್ಕೆ ರೀಜೆನ್ ಎನ್ನುತ್ತಾರೆ. ಆದರೆ ಬರುವಾಗ ಅದೇ ಘಟ್ಟ ಎರಡೂವರೆ ಯುನಿಟ್ಟಿಗಿಂತ ಹೆಚ್ಚು ಕೇಳುತ್ತದೆ. ಇಳಿಯುವಾಗ ಶೇಕಡಾ ಕಡಿಮೆಯಾಗಲಿಲ್ಲವೆಂದು ನಂಬಿ, ಕಡಲತೀರದಲ್ಲಿ ಚಾರ್ಜ್ ಮಾಡದೆ ಮರಳಿ ಘಟ್ಟ ಹತ್ತಲು ಹೋಗಬೇಡಿ. ಇನ್ನೊಂದು ಎಚ್ಚರ: ಬ್ಯಾಟರಿ 100 ತುಂಬಿದ್ದಾಗ ರೀಜೆನ್ ಕೆಲಸ ಮಾಡುವುದಿಲ್ಲ, ತುಂಬಲು ಜಾಗವೇ ಇರುವುದಿಲ್ಲ. ಯಲ್ಲಾಪುರದಲ್ಲಿ ಉಳಿದು ಬೆಳಿಗ್ಗೆ ಘಟ್ಟ ಇಳಿಯುವವರು 90ಕ್ಕೇ ಚಾರ್ಜ್ ನಿಲ್ಲಿಸಿ. ಇಲ್ಲದಿದ್ದರೆ ಕಾಲು ತೆಗೆದರೂ ಗಾಡಿ ಎಂದಿನಂತೆ ತಡೆಯದೆ ಓಡುತ್ತದೆ, ಎಲ್ಲ ಭಾರ ಬ್ರೇಕಿನ ಮೇಲೇ ಬೀಳುತ್ತದೆ.

ಏರ್‌ಕಂಡೀಷನರ್ ತಾಸಿಗೆ ಒಂದು ಯುನಿಟ್ ಆಸುಪಾಸು ತಿನ್ನುತ್ತದೆ. ಹೆದ್ದಾರಿಯಲ್ಲಿ ಆ ತಾಸಿನಲ್ಲಿ 80 ಕಿಲೋಮೀಟರ್ ಹೋಗಿರುತ್ತೀರಿ, ಗೊತ್ತೇ ಆಗುವುದಿಲ್ಲ. ಚೆನ್ನಮ್ಮ ಸರ್ಕಲ್ಲಿನ ಸುತ್ತ ಒಂದು ತಾಸು ಸಿಕ್ಕಿಕೊಂಡರೆ ಗೊತ್ತಾಗುತ್ತದೆ. ಟೈರಿನ ಗಾಳಿ ಹದಿನೈದು ದಿನಕ್ಕೊಮ್ಮೆ ನೋಡಿ. ಮಳೆಯಲ್ಲಿ ನೀರು ನಿಂತ ರಸ್ತೆಯೂ ಸ್ವಲ್ಪ ಎಳೆಯುತ್ತದೆ.

7. ದೂರದ ಪ್ರಯಾಣ ಕಾಗದದ ಮೇಲೆ: ಹುಬ್ಬಳ್ಳಿಯಿಂದ ಬೆಂಗಳೂರು

ಸುಮಾರು 410 ಕಿಲೋಮೀಟರ್. 40 ಯುನಿಟ್ ಬ್ಯಾಟರಿ, 85–90ರ ವೇಗ, ಯುನಿಟ್ಟಿಗೆ ಆರೂವರೆ ಎಂದು ಇಟ್ಟುಕೊಳ್ಳೋಣ. ನಿಯಮ ಒಂದೇ: ಯಾವ ನಿಲುಗಡೆಗೂ 15ಕ್ಕಿಂತ ಕೆಳಗೆ ಮುಟ್ಟುವಂತೆ ಲೆಕ್ಕ ಹಾಕಬಾರದು.

ಬೆಳಿಗ್ಗೆ 100 ಇಟ್ಟುಕೊಂಡು ಹೊರಡಿ. ಚಿತ್ರದುರ್ಗ ಸುಮಾರು 205 ಕಿಲೋಮೀಟರ್, ಖರ್ಚು 31–32 ಯುನಿಟ್. ಮುಟ್ಟಿದಾಗ 20 ಉಳಿದಿರುತ್ತದೆ. ಅಲ್ಲಿ 80ರವರೆಗೆ ಹಚ್ಚಿ. ತುಂಬಬೇಕಾದ್ದು 24 ಯುನಿಟ್, ಸರಾಸರಿ 40 ಕಿಲೋವ್ಯಾಟ್ ಬಂದರೆ 36 ನಿಮಿಷ. ನಾಷ್ಟಾಕ್ಕೆ ಅಷ್ಟು ಹೊತ್ತು ಬೇಕೇಬೇಕು. ಅಲ್ಲಿಂದ ತುಮಕೂರು 135 ಕಿಲೋಮೀಟರ್ ಆಸುಪಾಸು, 21 ಯುನಿಟ್. ಮುಟ್ಟುವಾಗ 27 ಇರುತ್ತದೆ. ಕಾಲು ತಾಸು ಹಚ್ಚಿ 50 ದಾಟಿಸಿ, ಬೆಂಗಳೂರಿನ ಒಳಗಿನ ದಟ್ಟಣೆಗೂ ಸಾಕಾಗುತ್ತದೆ.

ಚಿತ್ರದುರ್ಗದಲ್ಲೇ 95 ತುಂಬಿಸಿ ಒಂದೇ ನಿಲುಗಡೆಯಲ್ಲಿ ಹೋಗಬಾರದೇ? ಹೋಗಬಹುದು. ಆದರೆ 80ರಿಂದ 95ಕ್ಕೆ ಕಾಯುವ ಹೊತ್ತು ತುಮಕೂರಿನ ಕಾಲು ತಾಸಿಗಿಂತ ಹೆಚ್ಚು, ಜೊತೆಗೆ ಕೊನೆಗೆ ಕೈಯಲ್ಲಿ ಉಳಿಯುವುದು 15ರ ಆಸುಪಾಸು. ಬೆಂಗಳೂರು ಹುಬ್ಬಳ್ಳಿಗಿಂತ 250 ಮೀಟರಿಗೂ ಎತ್ತರದಲ್ಲಿದೆ ಎನ್ನುವುದನ್ನೂ ಮರೆಯಬೇಡಿ, ಅದರ ಪಾಲು ಒಂದು ಯುನಿಟ್ಟಿಗಿಂತ ಹೆಚ್ಚು. ನಾನು ಎರಡು ಸಣ್ಣ ನಿಲುಗಡೆಯನ್ನೇ ಆರಿಸುತ್ತೇನೆ.

ಯಾವ ಚಾರ್ಜರನ್ನೂ ಒಂಟಿಯಾಗಿ ನಂಬಬೇಡಿ. ಪ್ರತಿ ನಿಲುಗಡೆಗೂ 25–30 ಕಿಲೋಮೀಟರ್ ಒಳಗೆ ಇನ್ನೊಂದನ್ನು ಗುರುತು ಮಾಡಿಕೊಳ್ಳಿ. ಚಿತ್ರದುರ್ಗದ್ದು ಕೆಟ್ಟಿದ್ದರೆ ಹಿರಿಯೂರಿನವರೆಗೆ ಸುಮಾರು 40 ಕಿಲೋಮೀಟರ್, ಅಂದರೆ ಶೇಕಡಾ 15. ಕೈಯಲ್ಲಿರುವ 20ರಲ್ಲಿ ಮುಟ್ಟಬಹುದಾದರೂ ಎದೆ ಬಡಿತ ತಪ್ಪದು. ಹಾಗೆ ಅನುಮಾನವಿದ್ದರೆ ದಾವಣಗೆರೆಯಲ್ಲೇ ಹತ್ತು ನಿಮಿಷ ಹಚ್ಚಿ ಮುಂದೆ ಹೋಗಿ. ಹೊರಡುವ ಮುನ್ನ ಪ್ಲಗ್‌ಶೇರ್‌ನಂಥ ಆ್ಯಪ್‌ನಲ್ಲಿ ಆ ಚಾರ್ಜರಿನಲ್ಲಿ ಕೊನೆಯ ಸಲ ಯಾರು, ಯಾವತ್ತು ಯಶಸ್ವಿಯಾಗಿ ಚಾರ್ಜ್ ಮಾಡಿದ್ದಾರೆ ನೋಡಿ. ತಿಂಗಳಿಂದ ಯಾರೂ ಬರೆದಿಲ್ಲವೆಂದರೆ ಅದನ್ನು ಲೆಕ್ಕದಿಂದ ಬಿಡಿ. ಬೇಕಾಗುವ ಆ್ಯಪ್‌ಗಳನ್ನು ಮನೆಯಲ್ಲೇ ಇಳಿಸಿ, ಮೊಬೈಲ್ ನಂಬರ್ ದೃಢಪಡಿಸಿ, ವಾಲೆಟ್ಟಿಗೆ ಸ್ವಲ್ಪ ದುಡ್ಡು ಹಾಕಿಡಿ. ಬಿಸಿಲಲ್ಲಿ, ಸಿಗ್ನಲ್ ಇಲ್ಲದ ಜಾಗದಲ್ಲಿ ಓಟಿಪಿಗಾಗಿ ಕಾಯುವುದು ಬೇಡ.

8. ದಿನನಿತ್ಯದ ಜೋಪಾನ

ನಿಮ್ಮ ಬ್ಯಾಟರಿ ಎಲ್‌ಎಫ್‌ಪಿ ಜಾತಿಯದೋ ಎನ್‌ಎಂಸಿ ಜಾತಿಯದೋ ಕೇಳಿಕೊಳ್ಳಿ. ಇವು ಸೆಲ್ ಒಳಗಿನ ರಾಸಾಯನಿಕದ ಹೆಸರುಗಳು. ಎಲ್‌ಎಫ್‌ಪಿ, ಅಂದರೆ ಲಿಥಿಯಂ ಐರನ್ ಫಾಸ್ಫೇಟ್, ಕಬ್ಬಿಣ ಸೇರಿದ್ದು. ನಮ್ಮ ಮಾರುಕಟ್ಟೆಯ ಬಹಳಷ್ಟು ಕಾರುಗಳಲ್ಲಿ ಇದೇ ಇದೆ. ಇದರ ವೋಲ್ಟೇಜ್ ಮಧ್ಯದಲ್ಲಿ ಹೆಚ್ಚು ಏರಿಳಿಯದ ಕಾರಣ ಎಷ್ಟು ಉಳಿದಿದೆ ಎಂದು ಅಳೆಯಲು ನಿಯಂತ್ರಕಕ್ಕೆ ಕಷ್ಟ. ಅದಕ್ಕೇ ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಮನೆಯಲ್ಲಿ ನಿಧಾನವಾಗಿ 100 ತುಂಬಿಸಿ, ಅದು ತನ್ನ ಲೆಕ್ಕ ಸರಿಮಾಡಿಕೊಳ್ಳುತ್ತದೆ. ಹೀಗೆ ಮಾಡದವರ ಗಾಡಿಯಲ್ಲೇ 12 ಇದ್ದದ್ದು ಒಮ್ಮೆಲೇ 5ಕ್ಕೆ ಬೀಳುವುದು. ಎನ್‌ಎಂಸಿಯಾದರೆ ದಿನಾ 80ಕ್ಕೆ ನಿಲ್ಲಿಸಿ, ಪ್ರಯಾಣದ ಹಿಂದಿನ ರಾತ್ರಿ ಮಾತ್ರ 100 ಮಾಡಿ. ಕೈಪಿಡಿಯಲ್ಲಿ ಬೇರೆ ಹೇಳಿದ್ದರೆ ಅದನ್ನೇ ಪಾಲಿಸಿ.

ಬೇಸಿಗೆ ರಜೆಯಲ್ಲಿ ತಿಂಗಳುಗಟ್ಟಲೆ ಊರಿಗೆ ಹೋಗುವವರು ಗಾಡಿಯನ್ನು 50ರ ಆಸುಪಾಸು ಬಿಟ್ಟು ಹೋಗಿ. ಖಾಲಿ ಬಿಡುವುದೂ, 100 ತುಂಬಿಸಿ ಬಿಸಿಲಲ್ಲಿ ನಿಲ್ಲಿಸುವುದೂ ಒಳ್ಳೆಯದಲ್ಲ. ಮಳೆಯಲ್ಲಿ ಚಾರ್ಜ್ ಮಾಡಬಹುದು, ಗನ್ನು ಮತ್ತು ಕಾರಿನ ಬಾಯಿ ನೀರಿಗೆ ತಡೆದುಕೊಳ್ಳುವಂತೆಯೇ ಮಾಡಿರುತ್ತಾರೆ. ಗೋಡೆಯ 15 ಆಂಪಿಯರ್ ಸಾಕೆಟ್ಟಿಗೆ ಮಾತ್ರ ಹಾಗಲ್ಲ, ಅದಕ್ಕೆ ಮುಚ್ಚಳವಿರುವ ಪೆಟ್ಟಿಗೆ ಹಾಕಿಸಿ.

9. ಆದರೂ ದಾರಿಯಲ್ಲಿ ಖಾಲಿಯಾಗುತ್ತಿದೆ ಎಂದರೆ

10 ಉಳಿದಾಗ ಗಾಬರಿಯಾಗಿ ವೇಗ ಹೆಚ್ಚಿಸುವವರೇ ಬಹಳ. ಉಲ್ಟಾ ಮಾಡಿ: 50–55ಕ್ಕೆ ಇಳಿಸಿ, ಎಡಗಡೆ ಹಿಡಿದು, ಏರ್‌ಕಂಡೀಷನರ್ ಆರಿಸಿ ಹೋಗಿ. 90ರಲ್ಲಿ 26 ಕಿಲೋಮೀಟರ್ ಬರುವ ಕರೆಂಟು 50ರಲ್ಲಿ 35ರ ಹತ್ತಿರ ಬರುತ್ತದೆ. ಚಾರ್ಜರ್ ಸಿಗದಿದ್ದರೆ ದಾರಿಬದಿಯ ಖಾನಾವಳಿಯಲ್ಲೋ ಪಂಕ್ಚರ್ ಅಂಗಡಿಯಲ್ಲೋ ಒಳ್ಳೆಯ 15 ಆಂಪಿಯರ್ ಪ್ಲಗ್ ಇದೆಯೇ ಕೇಳಿ. ದುಡ್ಡು ಕೊಟ್ಟು ಒಂದು ತಾಸು ಹಚ್ಚಿದರೆ ಇಪ್ಪತ್ತು ಕಿಲೋಮೀಟರ್ ಸಿಗುತ್ತದೆ. ಮನೆಯ ಪೋರ್ಟಬಲ್ ಚಾರ್ಜರನ್ನು ಡಿಕ್ಕಿಯಲ್ಲಿ ಇಟ್ಟುಕೊಂಡೇ ಹೊರಡಬೇಕು ಎನ್ನುವುದು ಇದಕ್ಕೇ.

ಪೂರ್ತಿ ನಿಂತೇ ಹೋಯಿತೇ? ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸಬೇಡಿ. ಗಾಲಿ ತಿರುಗಿದರೆ ಮೋಟಾರೂ ತಿರುಗುತ್ತದೆ, ಒಳಗೆ ಕರೆಂಟು ಹುಟ್ಟಿ ಬಿಡಿಭಾಗ ಸುಡುವ ಸಂಭವವಿದೆ. ವಿಮೆಯ ಜೊತೆ ಬಂದ ಸಹಾಯವಾಣಿಗೆ ಫೋನ್ ಮಾಡಿ, ನಾಲ್ಕೂ ಗಾಲಿ ನೆಲ ಬಿಟ್ಟು ನಿಲ್ಲುವ ಫ್ಲ್ಯಾಟ್‌ಬೆಡ್ ಗಾಡಿಯೇ ಬೇಕೆಂದು ಮೊದಲ ಮಾತಿನಲ್ಲೇ ಹೇಳಿ. ಆ ನಂಬರನ್ನು ಎರಡನೇ ಹಂತದಲ್ಲಿ ಬರೆದಿಟ್ಟ ಚೀಟಿಯ ಕೆಳಗೆ ಇವತ್ತೇ ಸೇರಿಸಿ.